ಟೆಸ್ಟ್ ಲ್ಯಾಂಪ್ ಹಿಡಿದ ಕೈ

ಗಂಗಾವತಿಯ ಅಕ್ಕಿ ಗಿರಣಿ ಮುಂದೆ ನಮ್ಮ ಹಳೇ ಪಿಕಪ್ ಭತ್ತದ ಚೀಲಗಳ ಸಮೇತ ನಿಂತುಬಿಟ್ಟಿತು. ಕೀಲಿ ತಿರುವಿದರೆ ದೀಪಗಳು ಉರಿಯುತ್ತವೆ, ಸ್ಟಾರ್ಟರ್ ಮಾತ್ರ ‘ಕಟ್’ ಎನ್ನುವುದಿಲ್ಲ. ಬ್ಯಾಟರಿ ಹೋಗಿದೆ ಎಂದರು ನೆರೆದವರು. ಕರೆಸಿದ ವೈರಿಂಗ್ ಮಿಸ್ತ್ರಿ ಹೆಡ್‌ಲೈಟ್ ಹಾಕಿಸಿ ನೋಡಿದರು, ಬೆಳಕು ಮಂಕಾಗಿರಲಿಲ್ಲ. ಸೀದಾ ಕ್ಲಚ್ ಪೆಡಲಿನ ಬುಡಕ್ಕೆ ತಲೆ ತೂರಿಸಿದರು.

ಅಲ್ಲೊಂದು ಹೆಬ್ಬೆರಳಿನಷ್ಟು ಸ್ವಿಚ್. ಪೆಡಲ್ ಪೂರ್ತಿ ತುಳಿದಾಗಲೇ ಅದು ಸ್ಟಾರ್ಟರ್ ರಿಲೇಗೆ ಕರೆಂಟ್ ಬಿಡುತ್ತದೆ. ನನ್ನಿಂದ ಕ್ಲಚ್ ತುಳಿಸಿ, ಕೀಲಿ ತಿರುವಿಸಿ, 12 ವೋಲ್ಟಿನ ಟೆಸ್ಟ್ ಲ್ಯಾಂಪ್ ಹಿಡಿದರು. ಒಳಬರುವ ವೈರಿಗೆ ಮುಟ್ಟಿಸಿದಾಗ ಬೆಳಗಿತು, ಹೊರಹೋಗುವ ವೈರಿಗೆ ಇಲ್ಲ. ಎಷ್ಟು ನಿಚ್ಚಳವಾದ ಉತ್ತರ!

‘ಎರಡೂ ವೈರ್ ಕೂಡಿಸಿಬಿಡಿ’ ಎಂದೆ.

‘ಬ್ಯಾಡ್ರೀ. ಗೇರಿನ್ಯಾಗ ಇದ್ದಾಗ ಯಾರರ ಕೀಲಿ ತಿರುವಿದ್ರ ಗಾಡಿ ಜಿಗೀತೈತಿ. ಮುಂದ ಹುಡುಗ್ರು ಆಡ್ತಿರ್ತಾವ.’

ಸ್ವಿಚ್ಚಿನ ಪಿನ್ನಿನ ಸುತ್ತ ಭತ್ತದ ಧೂಳು ಗ್ರೀಸಿನೊಂದಿಗೆ ಕಲ್ಲಾಗಿತ್ತು. ಕೆರೆದು ತೆಗೆದರೂ ಪ್ರಯೋಜನವಾಗಲಿಲ್ಲ, ಒಳಗಿನ ಕಾಂಟ್ಯಾಕ್ಟ್ ಸವೆದುಹೋಗಿತ್ತು. ಹೊಸ ಸ್ವಿಚ್ ಹಾಕಿ, ಪೆಡಲ್ ಅದನ್ನು ಸರಿಯಾಗಿ ಒತ್ತುವಂತೆ ನಟ್ ಹೊಂದಿಸಿದರು. ಈ ಹೊಂದಿಸುವಿಕೆಯಲ್ಲೇ ಅವರು ಹೆಚ್ಚು ಹೊತ್ತು ಕೂತದ್ದು, ಉಸಿರು ಹಿಡಿದು.

ಗೇರನ್ನು ನ್ಯೂಟ್ರಲ್‌ಗೆ ತಂದು, ಮೊದಲು ಕ್ಲಚ್ ತುಳಿಯದೆ ಕೀಲಿ ತಿರುವಿದರು. ಸದ್ದಿಲ್ಲ. ಆಮೇಲೆ ತುಳಿದರು. ಎಂಜಿನ್ ಎದ್ದಿತು.