ಯಾಕೋಬನ ರೇಡಿಯೋ

ನಾಜಿ ಆಳ್ವಿಕೆಯಲ್ಲಿ ಯೆಹೂದ್ಯರು ಪಟ್ಟ ಯಾತನೆಯನ್ನು ವಸ್ತುವಾಗಿ ಮಾಡಿಕೊಂಡ ಕಾದಂಬರಿಗಳ ಸಂಖ್ಯೆ ಇಂದು ಅಪಾರವಾಗಿ ಬೆಳೆದಿದೆ. ಅವುಗಳಲ್ಲಿ ಬಹುಪಾಲು ವಾಚಕನ ಕಣ್ಣಿನಲ್ಲಿ ನೀರು ತರಿಸಿ ಕೃತಕೃತ್ಯವಾಗುತ್ತವೆ. ಕಣ್ಣೀರು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಆ ಕಾಲದ ಚರಿತ್ರೆ ನಮ್ಮೆದುರಿಗೆ ಇಡುವ ಪ್ರಶ್ನೆ ಇದಕ್ಕಿಂತ ಕಠಿಣವಾದುದು. ಎಲ್ಲ ದಾರಿಗಳನ್ನೂ ಮುಚ್ಚಿದ ಮೇಲೆ ಮನುಷ್ಯನು ಮಾಡುವ ಆಯ್ಕೆಯನ್ನು ನಾವು ಯಾವ ಅಳತೆಗೋಲಿನಿಂದ ಅಳೆಯಬೇಕು? ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ಕೃತಿಗಳು ಬೆರಳೆಣಿಕೆಯವು. ಯೂರೆಕ್ ಬೆಕರನು 1969ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ‘ಸುಳ್ಳುಗಾರ ಯಾಕೋಬ್’ ಅಂಥವುಗಳಲ್ಲೊಂದು. ಜರ್ಮನ್ ತಿಳಿಯದ ನಾನು ಅದನ್ನು ಓದಿದ್ದು ಲೈಲಾ ವೆನ್ನೆವಿಟ್ಸ್ ಅವರ ಇಂಗ್ಲಿಷ್ ಅನುವಾದದಲ್ಲಿ; ಆದುದರಿಂದ ಮೂಲದ ಶೈಲಿಯನ್ನು ಕುರಿತು ಏನನ್ನೂ ಹೇಳಹೊರಡುವುದಿಲ್ಲ.

ಕಾದಂಬರಿಯಲ್ಲಿ ಊರಿನ ಹೆಸರಿಲ್ಲ. ಆದರೆ ಬೆಕರನು ಹುಟ್ಟಿದುದು ಪೋಲೆಂಡಿನ ಲೋಡ್ಜ್ ನಗರದಲ್ಲಿ. ಶೈಶವದ ವರ್ಷಗಳನ್ನು ಕಳೆದುದು ಅಲ್ಲಿಯ ಘೆಟ್ಟೊವಿನಲ್ಲಿ. ಆ ಘೆಟ್ಟೊವಿನ ಚರಿತ್ರೆಯನ್ನು ತುಸು ತಿಳಿದುಕೊಳ್ಳದೆ ಕಾದಂಬರಿಯ ಭಾರ ತಿಳಿಯದು. 1940ರ ಏಪ್ರಿಲ್ ಕೊನೆಯಲ್ಲಿ ಸುಮಾರು 1,60,000 ಯೆಹೂದ್ಯರನ್ನು ಅಲ್ಲಿ ಬೇಲಿಯೊಳಗೆ ಕೂಡಿಹಾಕಲಾಯಿತು. ಜರ್ಮನರು ಅವರ ಮೇಲೆ ‘ಹಿರಿಯ’ನೆಂದು ನೇಮಿಸಿದವನು ಖಾಯಿಂ ರುಮ್ಕೊವ್‌ಸ್ಕಿ. ಹಿಂದೆ ವಿಮಾ ಏಜೆಂಟನೂ ಅನಾಥಾಲಯದ ವ್ಯವಸ್ಥಾಪಕನೂ ಆಗಿದ್ದ ಮನುಷ್ಯ. ತಮ್ಮ ಸೇನೆಗೆ ಸಮವಸ್ತ್ರ ಹೊಲಿದುಕೊಡುವ ಕೈಗಳನ್ನು ಜರ್ಮನರು ಕತ್ತರಿಸಲಾರರೆಂಬುದು ಅವನ ನಂಬಿಕೆ. ಹೀಗೆ ದುಡಿಯುತ್ತ ಕಾಲ ತಳ್ಳಿದರೆ ಒಂದು ದಿನ ಯುದ್ಧ ಮುಗಿದೀತೆಂಬುದು ಅವನ ಲೆಕ್ಕ. ಈ ಲೆಕ್ಕವು ಅವನನ್ನು ಎಲ್ಲಿಗೆ ಒಯ್ದಿತೆಂದರೆ, 1942ರ ಸೆಪ್ಟೆಂಬರ್ 4ರಂದು ನೆರೆದ ಜನರ ಮುಂದೆ ನಿಂತು, ಹತ್ತು ವರ್ಷಕ್ಕೆ ಕೆಳಗಿನ ಮಕ್ಕಳನ್ನು ಒಪ್ಪಿಸಿಬಿಡಿರೆಂದು ತಂದೆತಾಯಂದಿರನ್ನು ಬೇಡಿದನು. ಮುಂದಿನ ಕೆಲವೇ ದಿನಗಳಲ್ಲಿ ಮಕ್ಕಳು, ಮುದುಕರು, ರೋಗಿಗಳು ಸೇರಿ 15,000ಕ್ಕೂ ಮಿಕ್ಕಿದ ಜನರನ್ನು ಖೆಲ್ಮ್ನೊ ಎಂಬಲ್ಲಿಗೆ ಒಯ್ದು ಕೊಂದರು. ಅದೇ ವರ್ಷದ ಜುಲೈ 23ರಂದು ವಾರ್ಸಾದ ಯೆಹೂದ್ಯ ಸಮಿತಿಯ ಮುಖ್ಯಸ್ಥ ಆಡಂ ಚೆರ್ನ್ಯಾಕೋವ್ ಇಂಥ ಕೆಲಸಕ್ಕೆ ಕೈಹಾಕಲೊಲ್ಲದೆ ವಿಷ ಸೇವಿಸಿದ್ದನು. ವಿಷ ಕುಡಿದವನನ್ನು ಮೆಚ್ಚುವುದೂ ಬದುಕಿದವನನ್ನು ಹಳಿಯುವುದೂ ನಮಗೆ ಸುಲಭ. ಆದರೆ ಲೋಡ್ಜಿನ ಘೆಟ್ಟೊ ಪೋಲೆಂಡಿನ ಉಳಿದೆಲ್ಲ ಘೆಟ್ಟೊಗಳಿಗಿಂತ ಹೆಚ್ಚು ಕಾಲ ಉಳಿದಿತ್ತೆಂಬುದೂ ನಿಜವೇ. 1944ರ ಆಗಸ್ಟಿನಲ್ಲಿ ರಷ್ಯನ್ ಸೇನೆ ವಿಸ್ಟುಲಾ ನದಿಯವರೆಗೆ ಬಂದಿತ್ತು. ಮುಂದಕ್ಕೆ ಬರಲಿಲ್ಲ. ಆ ತಿಂಗಳಲ್ಲಿಯೇ ಘೆಟ್ಟೊವನ್ನು ಬರಿದುಮಾಡಿ ಜನರನ್ನು ಔಷ್ವಿಟ್ಸಿಗೆ ಸಾಗಿಸಿದರು; ರುಮ್ಕೊವ್‌ಸ್ಕಿಯೂ ಅಲ್ಲಿಯೇ ಸತ್ತನು. 1945ರ ಜನವರಿ 19ರಂದು ರಷ್ಯನರು ಊರೊಳಗೆ ಬಂದಾಗ ಘೆಟ್ಟೊವಿನಲ್ಲಿ ಜೀವದಿಂದ ಉಳಿದಿದ್ದವರು 900ಕ್ಕೂ ಕಡಿಮೆ.

ಈ ಹಿರಿಯನನ್ನೇ ಮಾದರಿಯಾಗಿಟ್ಟುಕೊಂಡು ಅಮೆರಿಕದ ಲೆಸ್ಲಿ ಎಪ್‌ಸ್ಟೀನನು 1979ರಲ್ಲಿ ‘ಯೆಹೂದ್ಯರ ಅರಸ’ ಎಂಬ ಕಾದಂಬರಿಯನ್ನು ಬರೆದನು. ಚತುರವಾದ ಬರವಣಿಗೆ, ಪ್ರಹಸನದ ಧಾಟಿ. ಆದರೆ ಅದರ ನಾಯಕ ಟ್ರಂಪಲ್ಮನ್ ಮೊದಲ ಪುಟಗಳಿಂದಲೇ ಸೋಗುಗಾರನಾಗಿ ಕಾಣಿಸುತ್ತಾನೆ. ಸೋಗುಗಾರನು ಪಟ್ಟಿ ಬರೆದುಕೊಟ್ಟರೆ ಆಶ್ಚರ್ಯವೇನು? ಸಜ್ಜನನೊಬ್ಬನು ಅದೇ ಮೇಜಿನ ಮುಂದೆ ಕುಳಿತಿದ್ದರೆ ಏನು ಮಾಡುತ್ತಿದ್ದನೆಂಬುದು ನಮ್ಮನ್ನು ಕಾಡುವ ಮಾತು. ಎಪ್‌ಸ್ಟೀನನು ತೀರ್ಪನ್ನು ಮೊದಲು ಬರೆದು ವಿಚಾರಣೆಯನ್ನು ಆಮೇಲೆ ನಡೆಸಿದ್ದಾನೆಂದು ನನ್ನ ಅಭಿಪ್ರಾಯ.

ಬೆಕರನು ಹಿರಿಯರನ್ನು ಬಿಟ್ಟು ಕಿರಿಯನೊಬ್ಬನನ್ನು ಆರಿಸಿಕೊಂಡಿದ್ದಾನೆ. ಯಾಕೋಬ್ ಹೈಮ್ ಹಿಂದೆ ಚಿಕ್ಕದೊಂದು ಅಂಗಡಿಯಿಟ್ಟು ಚಳಿಗಾಲದಲ್ಲಿ ಆಲೂಗಡ್ಡೆಯ ದೋಸೆಯನ್ನೂ ಬೇಸಗೆಯಲ್ಲಿ ಐಸ್‌ಕ್ರೀಮನ್ನೂ ಮಾರುತ್ತಿದ್ದವನು. ಈಗ ರೈಲು ನಿಲ್ದಾಣದಲ್ಲಿ ಮೂಟೆ ಹೊರುತ್ತಾನೆ. ಒಂದು ಸಂಜೆ ಕಾವಲುಗಾರನೊಬ್ಬನು ಮೋಜಿಗಾಗಿ ಅವನನ್ನು ಪೊಲೀಸು ಕಚೇರಿಗೆ ಅಟ್ಟುತ್ತಾನೆ. ಅಲ್ಲಿ ರೇಡಿಯೋದಿಂದ ಒಂದು ಸುದ್ದಿ ಅವನ ಕಿವಿಗೆ ಬೀಳುತ್ತದೆ: ರಷ್ಯನರು ಬೆಜಾನಿಕಾದ ಸಮೀಪಕ್ಕೆ ಬಂದಿದ್ದಾರೆ. ಮರುದಿನ ಮಿಶಾ ಎಂಬ ತರುಣನು ಗಾಡಿಯಿಂದ ಆಲೂಗಡ್ಡೆ ಕದಿಯಲು ಹೊರಟಿದ್ದಾನೆ. ಕಂಡರೆ ಗುಂಡು ಹಾರುವುದು ಖಂಡಿತ. ಅವನನ್ನು ತಡೆಯಲು ಯಾಕೋಬನು ಸುದ್ದಿಯನ್ನು ಹೇಳುತ್ತಾನೆ. ಪೊಲೀಸು ಕಚೇರಿಗೆ ಹೋದವನು ಜೀವಸಹಿತ ಹಿಂದಿರುಗಿದನೆಂದು ಯಾರು ನಂಬುವರು? ಮಿಶಾ ನಂಬುವುದಿಲ್ಲ. ಆಗ ಯಾಕೋಬನ ಬಾಯಿಂದ ಆ ಮಾತು ಹೊರಡುತ್ತದೆ: ನನ್ನ ಹತ್ತಿರ ರೇಡಿಯೋ ಇದೆ. ನಿಜವಾದ ಸುದ್ದಿಯನ್ನು ನಂಬಿಸುವುದಕ್ಕಾಗಿ ಹುಟ್ಟಿದ ಸುಳ್ಳು ಇದು.

ಅನಂತರದ ಕಥೆಯೆಲ್ಲ ಈ ಒಂದು ಮಾತಿನ ಬಡ್ಡಿ. ಜನ ದಿನದಿನವೂ ಹೊಸ ಸುದ್ದಿ ಕೇಳುತ್ತಾರೆ; ಯಾಕೋಬನು ದಿನದಿನವೂ ಹೊಸದನ್ನು ಕಲ್ಪಿಸಬೇಕಾಗುತ್ತದೆ. ಘೆಟ್ಟೊವಿನಲ್ಲಿ ಆತ್ಮಹತ್ಯೆಗಳು ನಿಂತುಹೋಗುತ್ತವೆ. ನನ್ನ ವೃತ್ತಿ ಬ್ಯಾಂಕಿನದಾದುದರಿಂದ ಇರಬಹುದು, ಇದನ್ನು ಓದುವಾಗ ನನಗೆ ಲೋಡ್ಜಿನ ಹಣದ ನೆನಪು ಬಂದಿತು. ಅಲ್ಲಿ ಬೇಲಿಯ ಹೊರಗೆ ಕಾಸಿನ ಬೆಲೆಯೂ ಇಲ್ಲದ ನೋಟುಗಳನ್ನೂ ಹಗುರ ಲೋಹದ ನಾಣ್ಯಗಳನ್ನೂ ಚಲಾವಣೆಗೆ ತಂದಿದ್ದರು. ಜನ ಅದನ್ನು ಹಿರಿಯನ ಹೆಸರಿನಿಂದಲೇ ‘ರುಮ್ಕಿ’ ಎಂದು ಕರೆಯುತ್ತಿದ್ದರು. ಅಂಥ ನಾಣ್ಯವೊಂದು ಔಷ್ವಿಟ್ಸಿನಲ್ಲಿ ಇಟಲಿಯ ಪ್ರೀಮೊ ಲೇವಿಯ ಕೈಗೆ ಸಿಕ್ಕಿತು. ರುಮ್ಕೊವ್‌ಸ್ಕಿಯನ್ನು ಕುರಿತ ಅವನ ಚಿಂತನೆ ಅದರಿಂದಲೇ ಮೊದಲಾಗುತ್ತದೆ. ಯಾಕೋಬನ ಸುದ್ದಿಯೂ ಠೇವಣಿಯಿಲ್ಲದ ನೋಟೇ. ಹಿರಿಯನೂ ಯಾಕೋಬನೂ ಕಾದುದು ಒಂದೇ ಸೇನೆಗಾಗಿ. ಇಬ್ಬರೂ ಕೊಳ್ಳಹೊರಟುದು ಕಾಲವನ್ನು. ಒಬ್ಬನು ಅದಕ್ಕೆ ಪರರ ಮಕ್ಕಳನ್ನು ತೆತ್ತನು. ಇನ್ನೊಬ್ಬನು ತನ್ನ ನೆಮ್ಮದಿಯನ್ನೂ ಸತ್ಯವನ್ನೂ ತೆತ್ತನು.

ಇಷ್ಟಕ್ಕೆ ನಿಲ್ಲಿಸಿದ್ದರೆ ಇದು ಒಂದು ನೀತಿಕಥೆಯಾಗುತ್ತಿತ್ತು. ಬೆಕರನ ಪ್ರಾಮಾಣಿಕತೆ ಇರುವುದು, ಈ ಸುಳ್ಳಿನ ಲೆಕ್ಕದಲ್ಲಿ ಖರ್ಚಿನ ಕಡೆಯನ್ನೂ ಅವನು ಬರೆದಿಟ್ಟಿರುವುದರಲ್ಲಿ. ಫ್ರಾಂಕ್‌ಫರ್ಟರ್ ಎಂಬ ಹಳೆಯ ನಟನು ನೆಲಮಾಳಿಗೆಯಲ್ಲಿ ನಿಜವಾದ ರೇಡಿಯೋವೊಂದನ್ನು ಬಚ್ಚಿಟ್ಟಿದ್ದಾನೆ. ಯಾಕೋಬನ ರೇಡಿಯೋದ ವದಂತಿ ಕೇಳಿ, ಶೋಧನೆ ನಡೆದೀತೆಂಬ ಭಯದಿಂದ ಅದನ್ನು ಒಡೆದುಹಾಕುತ್ತಾನೆ. ಇಲ್ಲದ ರೇಡಿಯೋ ಇದ್ದ ರೇಡಿಯೋವನ್ನು ನುಂಗಿತು! ದೈವಭಕ್ತನಾದ ಹೆರ್ಷೆಲ್ ಶ್ಟಾಮ್, ಮುಚ್ಚಿದ ಗೂಡ್ಸ್ ಗಾಡಿಯೊಳಗಿನಿಂದ ಮನುಷ್ಯರ ಧ್ವನಿ ಕೇಳಿ, ಅವರಿಗೂ ಈ ಆಶೆಯನ್ನು ಹಂಚಲು ಹೋಗಿ ಗುಂಡಿಗೆ ಬಲಿಯಾಗುತ್ತಾನೆ. ಕೊನೆಗೆ ಭಾರ ತಾಳಲಾರದೆ ಯಾಕೋಬನು ಗೆಳೆಯ ಕೊವಾಲ್ಸ್ಕಿಗೆ ನಿಜವನ್ನು ಹೇಳುತ್ತಾನೆ. ಕೊವಾಲ್ಸ್ಕಿ ಸಿಟ್ಟಾಗುವುದಿಲ್ಲ, ದೂರುವುದಿಲ್ಲ. ಮನೆಗೆ ಹೋಗಿ ನೇಣುಹಾಕಿಕೊಳ್ಳುತ್ತಾನೆ. ಸುಳ್ಳಿನಿಂದ ಸತ್ತವರಿದ್ದಾರೆ, ನಿಜದಿಂದ ಸತ್ತವನೂ ಇದ್ದಾನೆ.

ಹರಿಶ್ಚಂದ್ರನ ಕಾವ್ಯವನ್ನೂ ಪುಣ್ಯಕೋಟಿಯ ಹಾಡನ್ನೂ ಕೇಳುತ್ತ ಬೆಳೆದ ನಮಗೆ, ಸುಳ್ಳನ್ನೇ ಬಿರುದಾಗಿ ಹೊತ್ತ ನಾಯಕನನ್ನು ಒಪ್ಪಿಕೊಳ್ಳುವುದು ಸುಲಭವಲ್ಲ. ಆದರೆ ಯೋಚಿಸಿ ನೋಡಬೇಕು: ಪುಣ್ಯಕೋಟಿಯ ಸತ್ಯ ಗೆದ್ದುದು ಹುಲಿಗೆ ನಾಚಿಕೆಯೆಂಬುದಿದ್ದುದರಿಂದ. ನಾಚದ ಹುಲಿಯ ಮುಂದೆ ಆ ಹಸುವಿನ ಗತಿಯೇನು? ಇದನ್ನು ನಮ್ಮ ಹಿಂದಿನವರು ಅರಿಯದೆ ಇರಲಿಲ್ಲ. ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣನು ಅರ್ಜುನನಿಗೆ ಕೌಶಿಕನೆಂಬ ತಪಸ್ವಿಯ ಕಥೆಯನ್ನು ಹೇಳುತ್ತಾನೆ. ಓಡಿಹೋದ ಜನ ಎಲ್ಲಿ ಅಡಗಿದ್ದಾರೆಂದು ದಸ್ಯುಗಳು ಕೇಳಿದಾಗ ಆತನು ಸತ್ಯವನ್ನೇ ನುಡಿದನು. ಅವರು ಕೊಲೆಯಾದರು, ಸತ್ಯವಂತನು ನರಕಕ್ಕೆ ಹೋದನು. ಬೆಕರನ ಸ್ವಂತ ಬಾಳಿನಲ್ಲಿಯೇ ಇದಕ್ಕೆ ನಿದರ್ಶನವಿದೆ. ಗಡೀಪಾರಿನಿಂದ ಮಗನನ್ನು ಉಳಿಸಲು ತಂದೆ ಅವನ ವಯಸ್ಸನ್ನು ಹೆಚ್ಚಾಗಿ ಬರೆಸಿದನು. ದಾಖಲೆಯಲ್ಲಿರುವುದು 1937, ನಿಜವಾದ ಜನ್ಮದಿನ ಆಮೇಲೆ ತಂದೆಗೇ ನೆನಪಿಗೆ ಬರಲಿಲ್ಲ. ಆದರೂ ಕೌಶಿಕನ ಕಥೆಯಿಂದ ಯಾಕೋಬನು ಪೂರ್ತಿ ಪಾರಾಗುವುದಿಲ್ಲ. ಕೃಷ್ಣನು ಒಪ್ಪುವ ಸುಳ್ಳು ದಸ್ಯುವಿಗೆ ಹೇಳುವ ಸುಳ್ಳು. ಯಾಕೋಬನು ವಂಚಿಸಿದುದು ತನ್ನವರನ್ನು. ರಷ್ಯನರು ಬರುತ್ತಾರೆಂಬ ನೆಮ್ಮದಿ ಕೈಗಳನ್ನು ಕಟ್ಟಿಹಾಕಿತೆ? ನಮ್ಮಲ್ಲಿ ಪ್ರತಿಭಟನೆ ನಡೆಯಲಿಲ್ಲವೆಂದು ನಿರೂಪಕನು ಒಂದೆಡೆ ತಲೆತಗ್ಗಿಸಿ ಹೇಳಿಕೊಳ್ಳುತ್ತಾನೆ. ಅದಕ್ಕೆ ಸಮಾಧಾನವನ್ನು ಅವನು ಕೊಡುವುದಿಲ್ಲ.

ದೋಷಗಳಿಲ್ಲವೆಂದಲ್ಲ. ಮಿಶಾ ಮತ್ತು ರೋಸಾರ ಪ್ರಣಯ ಕೆಲವು ಕಡೆ ಎಳೆದಂತಿದೆ. ಜರ್ಮನ್ ಅಧಿಕಾರಿಗಳು ನೆರಳುಗಳಾಗಿಯೇ ಉಳಿದಿದ್ದಾರೆ. ಆದರೆ ಕಿರ್ಷ್‌ಬಾಮ್ ಎಂಬ ಹೃದ್ರೋಗತಜ್ಞನ ಪ್ರಸಂಗವೊಂದೇ ಈ ಕೊರತೆಗಳನ್ನು ಮರೆಯಿಸುತ್ತದೆ. ರೋಗಿಷ್ಠನಾದ ಜರ್ಮನ್ ಅಧಿಕಾರಿಯ ಚಿಕಿತ್ಸೆಗೆಂದು ಅವನನ್ನು ಕಾರಿನಲ್ಲಿ ಒಯ್ಯುತ್ತಾರೆ. ಗುಣಪಡಿಸುವಂತಿಲ್ಲ, ಪಡಿಸದೆ ಇರುವಂತಿಲ್ಲ. ದಾರಿಯಲ್ಲಿಯೇ ಎದೆಯುರಿಯ ಮಾತ್ರೆಯೆಂದು ಹೇಳಿ ವಿಷವನ್ನು ನುಂಗುತ್ತಾನೆ. ಒಂದು ವಿಶೇಷಣವನ್ನೂ ಖರ್ಚುಮಾಡದೆ ಬರೆದ ಪುಟಗಳಿವು.

ಕಾದಂಬರಿಗೆ ಎರಡು ಮುಕ್ತಾಯಗಳಿವೆ. ನಿರೂಪಕನು ತಾನು ಬಯಸಿದ ಮುಕ್ತಾಯವೊಂದನ್ನು ಮೊದಲು ಕೊಡುತ್ತಾನೆ: ಬೇಲಿ ದಾಟಲೆಳಸಿ ಯಾಕೋಬನು ಗುಂಡಿಗೆ ಬೀಳುತ್ತಾನೆ, ಅದೇ ರಾತ್ರಿ ರಷ್ಯನರ ಫಿರಂಗಿ ಕೇಳಿಸುತ್ತದೆ. ಆಮೇಲೆ ನಡೆದುದನ್ನು ಹೇಳುತ್ತಾನೆ. ಎಲ್ಲರೂ ಗಾಡಿಯೊಳಗಿದ್ದಾರೆ. ಯಾಕೋಬನು ಸಾಕುತ್ತಿದ್ದ ಲೀನಾ ಎಂಬ ಹುಡುಗಿ ಮೋಡಗಳು ಹತ್ತಿಯಿಂದಾದುವಲ್ಲವೆ ಎಂದು ಕೇಳುತ್ತಾಳೆ; ಹಿಂದೊಮ್ಮೆ ಅವನು ನೆಲಮಾಳಿಗೆಯಲ್ಲಿ ರೇಡಿಯೋದಂತೆ ನಟಿಸಿ ಹೇಳಿದ್ದ ರಾಜಕುಮಾರಿಯ ಕಥೆಯಿಂದ ಬಂದ ಮಾತು ಅದು.

1999ರಲ್ಲಿ ಹಾಲಿವುಡ್ಡಿನವರು ಇದನ್ನು ಚಿತ್ರವಾಗಿ ತೆಗೆದಾಗ, ಯಾಕೋಬನನ್ನು ವೇದಿಕೆಯ ಮೇಲೆ ನಿಲ್ಲಿಸಿ, ಜನರೆದುರಿಗೆ ಧೀರನಾಗಿ ಸಾಯುವಂತೆ ಮಾಡಿದರು. ಬೆಕರನ ತಂದೆ ಬಯಸಿದ್ದುದೂ ಇಂಥ ಧೀರನನ್ನೇ. ಘೆಟ್ಟೊವಿನಲ್ಲಿ ನಿಜವಾಗಿಯೂ ರೇಡಿಯೋ ಬಚ್ಚಿಟ್ಟು ಸುದ್ದಿ ಹಂಚಿದವರಿದ್ದರು; 1944ರ ಜೂನಿನಲ್ಲಿ ಅಂಥವರ ಗುಂಪೊಂದು ಸಿಕ್ಕಿಬಿದ್ದಾಗ ಖಾಯಿಂ ವಿದಾವ್‌ಸ್ಕಿ ಎಂಬವನು ವಿಷ ಕುಡಿದು ಸತ್ತನು. ಅಂಥವನೊಬ್ಬನ ಕಥೆಯನ್ನು ಬರೆಯೆಂದು ತಂದೆ ಹೇಳಿದ್ದನು. ಮಗನು ರೇಡಿಯೋ ಇಲ್ಲದವನನ್ನು ಕುರಿತು ಬರೆದನು. ತಂದೆಗೆ ಪುಸ್ತಕ ಹಿಡಿಸಲಿಲ್ಲ. ಜರ್ಮನರಿಗೆ ನೀನು ಏನನ್ನು ಬೇಕಾದರೂ ಹೇಳಬಹುದು, ನನಗೆ ಹೇಳಬೇಡ, ನಾನು ಅಲ್ಲಿದ್ದವನು ಎಂಬುದು ಅವನ ಆಕ್ಷೇಪವಾಗಿತ್ತು.