ಕಾಯಿಸುವ ಕಣ್ಣು
ಲಾರಿಯ ಹಳೇ ಸ್ಪ್ರಿಂಗ್ ಪ್ಲೇಟಿನಿಂದ ಮಚ್ಚು ಮಾಡುವ ಕಮ್ಮಾರನಿಗೆ ಬಣ್ಣವೇ ಲೆಕ್ಕ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದ ಉಕ್ಕಿಗೆ ಅಯಸ್ಕಾಂತ ಅಂಟದು. ಇನ್ನೂ ಸ್ವಲ್ಪ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಅಲಗು ಗಡುಸಾಗುತ್ತದೆ, ಗಾಜಿನಂತೆ ಮುರಿಯಲೂಬಹುದು. ಅದಕ್ಕೇ ಮತ್ತೊಮ್ಮೆ ಹಿತವಾಗಿ ಕಾಯಿಸುವುದು. ಉಜ್ಜಿ ಬೆಳ್ಳಗಾದ ಮೈಮೇಲೆ ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ನೀಲಿ ಓಡುತ್ತವೆ. ಚಾಕುವಾದರೆ ಹಳದಿಯಲ್ಲೇ ನಿಲ್ಲಿಸಬೇಕು. ಏಟು ತಿನ್ನುವ ಮಚ್ಚು ಇನ್ನಷ್ಟು ಮುಂದೆ ಹೋಗಬಹುದು. ಆ ಗಳಿಗೆ ಹಿಡಿಯುವ ಕಣ್ಣಿಗೆ ನಮಸ್ಕಾರ!

ಸ್ಟೇನ್‌ಲೆಸ್ ಉಕ್ಕು ಈ ಕಣ್ಣಿಗೆ ಬಗ್ಗದು. ಅದರೊಳಗಿನ ಕ್ರೋಮಿಯಂ ಕಾರ್ಬೈಡ್ ಕರಗಲು 1,000 ಡಿಗ್ರಿ ಮೀರಿದ ಶಾಖ ಬೇಕು, ಅದೂ ಕೆಲವು ನಿಮಿಷ ಏರಿಳಿಯದೆ. ವಿದ್ಯುತ್ ಕುಲುಮೆಯೇ ಗತಿ. ತಣಿಸಲು ಮಾತ್ರ ತೆಳು ಅಲಗಿಗೆ ಬಹುಪಾಲು ಗಾಳಿಯೇ ಸಾಕು. ತುಕ್ಕು ಹಿಡಿದರೂ ಚಿಂತೆಯಿಲ್ಲ, ನನ್ನ ಅಡುಗೆಮನೆಗೆ ಕಮ್ಮಾರನ ಕಾರ್ಬನ್ ಉಕ್ಕಿನ ಚಾಕುವೇ ಇರಲಿ.