ಡರ್ಬಿಯಲ್ಲಿ ಐದು ವಿಕೆಟ್

ಕೌಂಟಿ ಕ್ರಿಕೆಟ್ಟಿನ ದಾಖಲೆ ಪುಸ್ತಕ ಕೈಗೆ ಸಿಕ್ಕರೆ ನಾನು ಮೊದಲು ಹುಡುಕುವುದು ಎರಡು-ಮೂರು ಪಂದ್ಯ ಆಡಿ ಕಾಣೆಯಾದವರನ್ನು. ಯಾರ ಜಾಗಕ್ಕೆ ಬಂದರು, ಎಂಥ ಪಿಚ್ ಸಿಕ್ಕಿತು ಎಂದು ಕೆದಕಿದರೆ ಆ ಒಂದು ಸಾಲಿನಲ್ಲೇ ಬೇಕಾದಷ್ಟು ಕಥೆಯಿರುತ್ತದೆ.

ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ ಕೌಂಟಿ ಆಟಗಾರ್ತಿಯೇನಲ್ಲ. ಆದರೆ 2017ರ ವಿಶ್ವಕಪ್‌ನಲ್ಲಿ ಇಂಗ್ಲೆಂಡಿನ ನೆಲದ ಮೇಲೆ ಅವರಿಗೆ ಸಿಕ್ಕದ್ದು ಮೂರೇ ಪಂದ್ಯ, ಒಂಬತ್ತೇ ದಿನ. ಅದರಲ್ಲಿ ಎರಡು ಪಂದ್ಯ ಡರ್ಬಿಶೈರ್ ಕೌಂಟಿಯ ಡರ್ಬಿ ಅಂಗಳದಲ್ಲಿ.

ನಮ್ಮ ಜಿಲ್ಲೆಯ ಇಂಡಿ, ಸಿಂದಗಿ ಕಡೆ ಬಿಳಿಜೋಳ ಕಿತ್ತ ಮೇಲೆ ಎರೆ ಹೊಲದಲ್ಲಿ ಟೆನಿಸ್ ಚೆಂಡಿನ ಆಟ ಶುರುವಾಗುತ್ತದೆ. ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲೂ ಅಷ್ಟೇ. ಅಲ್ಲಿ ಎಲ್ಲರಿಗೂ ಜೋರಾಗಿ ಎಸೆಯುವವನೇ ಬೇಕು. ಟೆನಿಸ್ ಚೆಂಡಿಗೆ ಹೊಲಿಗೆ ಎಲ್ಲಿಯದು? ಬೆರಳಲ್ಲಿ ತಿರುಗಿಸುವವನಿಗೆ ಚೆಂಡು ಕೊಡಲು ಕ್ಯಾಪ್ಟನ್‌ಗೆ ಧೈರ್ಯ ಸಾಲದು. ಇಂಥ ಜಿಲ್ಲೆಯಿಂದ ಎಡಗೈ ಸ್ಪಿನ್ನರ್ ಒಬ್ಬರು ಎದ್ದುಬಂದದ್ದು ನನಗೆ ಇಂದಿಗೂ ಸೋಜಿಗ.

ಆ ವಿಶ್ವಕಪ್‌ನ ಮೊದಲ ಆರು ಪಂದ್ಯ ರಾಜೇಶ್ವರಿ ಹೊರಗೇ ಕೂತರು. ಇನ್ನೊಬ್ಬ ಎಡಗೈ ಸ್ಪಿನ್ನರ್ ಏಕ್ತಾ ಬಿಷ್ಟ್ ಜುಲೈ 2ರಂದು ಇದೇ ಡರ್ಬಿಯಲ್ಲಿ ಪಾಕಿಸ್ತಾನದ ವಿರುದ್ಧ 18 ರನ್‌ಗೆ 5 ವಿಕೆಟ್ ಕಿತ್ತಿದ್ದರಲ್ಲ! ಮುಂದೆ ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾಗಳ ಎದುರು ಭಾರತ ಸೋತಿತು. ಜುಲೈ 15ರಂದು ಮತ್ತೆ ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ಸೋತರೆ ಊರಿಗೆ ಗಂಟುಮೂಟೆ. ಅಂಥ ದಿನ ಏಕ್ತಾರನ್ನು ಕೂರಿಸಿ ರಾಜೇಶ್ವರಿಯನ್ನು ಇಳಿಸಿದರು. ನಾನು ಆಯ್ಕೆಗಾರನಾಗಿದ್ದರೆ ಖಂಡಿತ ಒಪ್ಪುತ್ತಿರಲಿಲ್ಲ.

ಮಿಥಾಲಿ ರಾಜ್ 109, ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಗಳಲ್ಲಿ 70 ಹೊಡೆದು ಮೊತ್ತವನ್ನು 265ಕ್ಕೆ ಮುಟ್ಟಿಸಿದರು. ಉಳಿದದ್ದು ರಾಜೇಶ್ವರಿ ಪಾಲು: 7.3 ಓವರ್, 15 ರನ್, 5 ವಿಕೆಟ್. ನ್ಯೂಜಿಲೆಂಡ್ 79ಕ್ಕೆ ಗಂಟು ಕಟ್ಟಿತು.

ಎಂಟು ದಿನಕ್ಕೆ ಲಾರ್ಡ್ಸ್‌ ಫೈನಲ್. ಇಂಗ್ಲೆಂಡಿನ ಮೊದಲ ವಿಕೆಟ್ ಲಾರೆನ್ ವಿನ್‌ಫೀಲ್ಡ್ ಅವರನ್ನು ಬೌಲ್ಡ್ ಮಾಡಿದವರೂ ರಾಜೇಶ್ವರಿಯೇ. 3 ವಿಕೆಟ್‌ಗೆ 191 ಇದ್ದ ಭಾರತ 219ಕ್ಕೆ ಕುಸಿದು 9 ರನ್‌ಗಳಿಂದ ಸೋತಾಗ, ಆನ್ಯಾ ಶ್ರಬ್‌ಸೋಲ್‌ಗೆ ಕೊನೆಯ ವಿಕೆಟ್ ಒಪ್ಪಿಸಿದವರೂ ಅವರೇ. ಹನ್ನೊಂದನೆಯವರ ಹಣೆಬರಹ.

ತಂದೆ ತೀರಿಕೊಂಡ ಮೇಲೆ ಮನೆಯ ಭಾರ ಅವರ ಮೇಲಿತ್ತು. ಊರಿಗೆ ಬಂದಾಗ ಸಚಿವರು ಕಾರು ಕೊಡಲು ಮುಂದಾದರೆ, ಕಾರು ಬೇಡ, ಮನೆ ಬೇಕು ಎಂದರು. ಅದು ಸುದ್ದಿಯೂ ಆಯಿತು.

ಮುಂದೆ 2022ರ ವಿಶ್ವಕಪ್‌ನಲ್ಲಿ ಪಾಕಿಸ್ತಾನದ ವಿರುದ್ಧ 31ಕ್ಕೆ 4 ವಿಕೆಟ್ ಕಿತ್ತರು. ಅದೂ ಚೆಂದದ ಬೌಲಿಂಗ್. ಆದರೂ ನನ್ನ ಓಟು ಡರ್ಬಿಗೇ: ಆರು ಪಂದ್ಯ ಬೆಂಚು ಕಾದು, 5 ವಿಕೆಟ್ ಕಿತ್ತವರ ಜಾಗಕ್ಕೆ ಬಂದು, ಮೊದಲ ಪಂದ್ಯದಲ್ಲೇ ಅಷ್ಟೇ ವಿಕೆಟ್ ಮೂರು ರನ್ ಕಡಿಮೆ ಕೊಟ್ಟು ಕೀಳುವುದು ಬೇರೆಯೇ ಬಾಬತ್ತು.